ಡಾಕ್ಟರ್ ಮನೆಯ ಎದೆಯುರಿ

ಹೋದ ತಿಂಗಳು ಮಾತ್ರೆ ಕೇಳಲು ರಾಕ್‌ವಿಲ್‌ಗೆ ಹೋಗಿದ್ದೆ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಬರಿಗೈಯಲ್ಲಿ ವಾಪಸ್ ಬಂದೆ.

ನನ್ನ ಎದೆಯುರಿಯ ಪುರಾಣ ನಿಮಗೆ ಹೊಸದಲ್ಲ. ಈ ಅಂಕಣದಲ್ಲೇ ಬೇಕಾದಷ್ಟು ಗೋಳಾಡಿದ್ದೇನೆ. ಸಾರು ಕುಡಿದರೆ ಉರಿ, ಕಾಫಿ ಕುಡಿದರೆ ಉರಿ, ಎರಡನ್ನೂ ಬಿಟ್ಟು ಕೂತರೆ ಪಕ್ಕದವರು ಕುಡಿಯುವುದನ್ನು ನೋಡಿ ಹೊಟ್ಟೆಯುರಿ. ಈಗ ಸೆಂಟರ್‌ವಿಲ್‌ನ ನಮ್ಮ ಡಾಕ್ಟರು ಎರಡು ದಾರಿ ತೋರಿಸಿದ್ದಾರೆ. ಒಂದು, ಜೀವನಪೂರ್ತಿ ಮಾತ್ರೆ. ಇನ್ನೊಂದು, ಹೊಟ್ಟೆಯ ಮೇಲ್ಭಾಗವನ್ನು ಅನ್ನನಾಳಕ್ಕೆ ಮಫ್ಲರ್ ಹಾಗೆ ಸುತ್ತಿ ಹೊಲಿಯುವ ಆಪರೇಷನ್. (ಆಮೇಲೆ ಸರಿಯಾಗಿ ತೇಗಲೂ ಬರದಿರಬಹುದಂತೆ. ಹಬ್ಬದೂಟ ಉಂಡು ತೇಗದಿದ್ದರೆ ಬಡಿಸಿದವರಿಗೆ ಅವಮಾನವಲ್ಲವೇ?) ಯಾವುದಕ್ಕೂ ಮೊದಲು ಎಂಡೋಸ್ಕೋಪಿ ಆಗಲಿ, ಬಾಯಿಂದ ಕ್ಯಾಮೆರಾ ಇಳಿಸಿ ನೋಡಿಬಿಡೋಣ ಅಂದರು. ನಾನು ಎರಡು ಸಲ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ.

ಯಾಕೆ? ಡಾಕ್ಟರ್ ಅಂಕಲ್ ಇದ್ದಾರಲ್ಲ!

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಲ್ಲಿ ಇದೊಂದು ಪದ್ಧತಿ. ಇನ್ಶೂರೆನ್ಸಿನ ಡಾಕ್ಟರು ಏನೇ ಹೇಳಲಿ, ಕೊನೆಯ ತೀರ್ಪು ಮೈಸೂರಿನ ಈ ಅಂಕಲ್‌ರದ್ದು. ಎಪ್ಪತ್ತರ ದಶಕದಲ್ಲಿ ಇಲ್ಲಿಗೆ ಬಂದವರು. ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ತಟ್ಟೆ ಹಿಡಿದು ಅವರ ಪಕ್ಕ ನಿಂತರೆ ಅದೇ ಕ್ಲಿನಿಕ್ಕು. "ಏನಿಲ್ಲ ಕಣಯ್ಯಾ, ಬರೀ ಅಸಿಡಿಟಿ" ಎನ್ನುವರು. ರಾಕ್‌ವಿಲ್‌ನ ಅವರ ಮನೆಗೆ ಹೋದರೆ, ಔಷಧಿ ಕಂಪನಿಯವರು ಕೊಟ್ಟುಹೋದ ಸ್ಯಾಂಪಲ್ ಮಾತ್ರೆಗಳನ್ನು ಬೇಸ್‌ಮೆಂಟಿನ ಕಪಾಟಿನಿಂದ ತೆಗೆದು ಚೀಲ ತುಂಬಿಸುವರು.

ಈ ಸಲ ಬಾಗಿಲು ತೆಗೆದವರು ಅಂಕಲ್ಲೇ. ಮೊದಲೆಲ್ಲ ಅವರ ಹೆಂಡತಿ ಶಾಂತಾ ಆಂಟಿ ತೆಗೆಯುತ್ತಿದ್ದರು. ಆಂಟಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಅನ್ನನಾಳದ ಕ್ಯಾನ್ಸರ್. ಗೊತ್ತಾದ ಮೇಲೆ ಇದ್ದದ್ದು ಹನ್ನೊಂದೇ ವಾರ.

ಎಂಡೋಸ್ಕೋಪಿ ಎರಡು ಸಲ ಕ್ಯಾನ್ಸಲ್ ಮಾಡಿದ್ದನ್ನೂ ಹೇಳಿ, ಸಂಕೋಚಪಡುತ್ತಲೇ ಕೇಳಿದೆ: "ಅಂಕಲ್, ಆಪರೇಷನ್ ಮಾಡಿಸ್ಕೊಳ್ಳಲಾ? ಇಲ್ಲಾ ಮಾತ್ರೇನೇ ಕಂಟಿನ್ಯೂ ಮಾಡ್ಲಾ? ಮಾತ್ರೆ ಅಂದ್ರೆ... ಸ್ವಲ್ಪ ಸ್ಯಾಂಪಲ್..."

ಬೇಸ್‌ಮೆಂಟಿಗೆ ಕರೆದುಕೊಂಡು ಹೋಗಿ ಕಪಾಟು ತೆರೆದರು. ಖಾಲಿ.

"ಎಲ್ಲಾ ಎಸೆದ್ಬಿಟ್ಟೆ" ಅಂದರು. "ನಿಮ್ಮ ಆಂಟಿಗೂ ಇದ್ರಿಂದ್ಲೇ ಕೊಡ್ತಿದ್ದೆ ಕಣೋ. ಹನ್ನೆರಡು ವರ್ಷ! ಉರಿ ಅಂದಾಗೆಲ್ಲ ಒಂದು ಪ್ಯಾಕೆಟ್. ಉರಿ ನಿಲ್ತಿತ್ತು, ನಾನೂ ಸುಮ್ನಾಗ್ತಿದ್ದೆ. ಬೇರೆ ಯಾರಾದ್ರೂ ಪೇಷೆಂಟ್ ಆಗಿದ್ರೆ ಯಾವತ್ತೋ ಸ್ಕೋಪ್‌ಗೆ ಕಳಿಸ್ತಿದ್ದೆ. ಇವಳು ಅಪಾಯಿಂಟ್‌ಮೆಂಟ್ ತಗೊಂಡು ಬರೋಳಲ್ವಲ್ಲ. ಅಡುಗೆಮನೆಯಿಂದ ಕೂಗೋಳು. ಪೇಪರ್ ಓದ್ತಾನೇ ಉತ್ತರ ಕೊಡ್ತಿದ್ದೆ."

ಅಂಕಲ್ ಒಬ್ಬರ ತಲೆಗೆ ತಪ್ಪು ಕಟ್ಟಿ ನಾವೆಲ್ಲ ಪಾರಾಗುವ ಹಾಗಿತ್ತೇ? ಹಿಂದಿನ ಗಣೇಶನ ಹಬ್ಬಕ್ಕೆ ಆಂಟಿ ಬಂದಿದ್ದಾಗ ರವಿಕೆ ಸಡಿಲವಾಗಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ನಾವೇನು ಮಾಡಿದೆವು? "ಆಂಟಿ, ಎಷ್ಟು ಸ್ಲಿಮ್ ಆಗಿದ್ದೀರಾ! ಯಾವ ಡಯಟ್ಟು?" ಎಂದು ಸುತ್ತುವರಿದೆವು. ನನ್ನ ಹೆಂಡತಿಯಂತೂ, ಬೆಳಗ್ಗೆ ಏನು ತಿಂತೀರಿ, ರಾತ್ರಿ ಏನು ತಿಂತೀರಿ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡಳು. ಪೆನ್ನು ಕೊಟ್ಟವನು ನಾನು.

ಆಂಟಿ ಅವತ್ತು ಚಪಾತಿ ಮುಟ್ಟಲಿಲ್ಲ. ಮೊಸರನ್ನವನ್ನು ಹಿಸುಕಿ ಹಿಸುಕಿ ತೆಳ್ಳಗೆ ಮಾಡಿ, ನೀರು ಕುಡಿಯುತ್ತಾ ಒಂದೊಂದೇ ತುತ್ತು ನುಂಗುತ್ತಿದ್ದರು. "ವಯಸ್ಸಾಯ್ತಲ್ಲಪ್ಪ, ಇಷ್ಟೇ ಸಾಕು" ಎಂದು ನಕ್ಕರು. ನಾವೂ ನಕ್ಕೆವು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ, ಅಳುವೂ ಬರುತ್ತದೆ.

ಅಂಕಲ್ ಫೋನು ತಂದು ನನ್ನ ಕೈಗಿಟ್ಟರು. "ನನ್ನೇನೂ ಕೇಳ್ಬೇಡ. ಕ್ಯಾನ್ಸಲ್ ಮಾಡಿದ್ದನ್ನ ಈಗ್ಲೇ ಬುಕ್ ಮಾಡು. ಆಪರೇಷನ್ ಮಾತು ಆಮೇಲೆ."

ಮಾಡಿದೆ. ಮಂಪರು ಬರಿಸುವುದರಿಂದ ವಾಪಸ್ ನೀವೇ ಡ್ರೈವ್ ಮಾಡುವಂತಿಲ್ಲ, ಯಾರಾದರೂ ಜೊತೆಗೆ ಬರಬೇಕು ಎಂದಳು ಆ ಕಡೆಯ ಹೆಂಗಸು. ಮನೆಯಲ್ಲಿ ಕೇಳಿ ಹೇಳುತ್ತೇನೆ ಅನ್ನುವಷ್ಟರಲ್ಲಿ ಅಂಕಲ್, "ನಾನ್ ಬರ್ತೀನಿ" ಅಂದರು.

ಮೊನ್ನೆ ಗುರುವಾರ ಬೆಳಗ್ಗೆ ಹೋದೆವು. ನರ್ಸ್ ಒಬ್ಬಳು ಫಾರಂ ಹಿಡಿದು ಬಂದು ಪಟಪಟ ಪ್ರಶ್ನೆ ಕೇಳಿದಳು. ನುಂಗುವಾಗ ಊಟ ಸಿಕ್ಕಿಕೊಳ್ಳುತ್ತಾ? ಕಾರಣವಿಲ್ಲದೆ ತೂಕ ಇಳಿದಿದೆಯಾ? ಇಲ್ಲ, ಇಲ್ಲ ಎಂದೆ. ಗುರುತು ಹಾಕಿಕೊಂಡಳು. ಒಂದು ನಿಮಿಷವೂ ಹಿಡಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಂಕಲ್ ಕನ್ನಡಕ ತೆಗೆದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ನನ್ನ ಅನ್ನನಾಳ ಕೆಂಪಾಗಿದೆಯಂತೆ, ಹೆದರುವಂಥದ್ದೇನೂ ಇಲ್ಲವಂತೆ. ಮಾತ್ರೆಯೋ ಆಪರೇಷನ್ನೋ ಎಂದು ಯೋಚಿಸಲು ನನಗಿನ್ನೂ ಟೈಮಿದೆ. ಆದರೆ ನರ್ಸಿನ ಆ ಎರಡು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಅವನ್ನು ಆಂಟಿಗೆ ಕೇಳಲು ಡಾಕ್ಟರೇ ಆಗಬೇಕಿತ್ತೇ?