ಜಾಳಿಗೆಯ ಎರಡೂ ಕಡೆ

ಕಮಲಾಪುರದ ನಮ್ಮ ಕೋಳಿ ಶೆಡ್ಡಿನಲ್ಲಿ ಕೂಲಿಗೆ ಫೀಡು, ನೀರು ಹಾಕುತ್ತಿದ್ದ ಮುದುಕಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಆಕೆ ಯಾರೇ ಎದುರಾದರೂ "ಊಟ ಆತೇನ್ರಿ?" ಎನ್ನುತ್ತಿದ್ದಳು. ಬ್ರಾಯ್ಲರ್ ಕೋಳಿಗಳಿಗೂ ಅದೇ ಪ್ರಶ್ನೆ, ಅದೇ ಮರ್ಯಾದೆ.

ತೊಂಬತ್ತರ ದಶಕದಲ್ಲೊಮ್ಮೆ ಕಲಬುರಗಿಯಿಂದ ಔಷಧ ಕಂಪನಿಯ ಡಾಕ್ಟರರು ಟೈ ಕಟ್ಟಿಕೊಂಡು ಬಂದರು. ಅವರ ಹುಳಿ ಔಷಧವನ್ನು ನೀರಿಗೆ ಬೆರೆಸಿದರೆ ಕೋಳಿಯ ಹೊಟ್ಟೆಯ ರೋಗಾಣು ಸತ್ತು, ತಿಂದದ್ದು ಮೈಗೆ ಹತ್ತಿ ತೂಕ ಏರುತ್ತದಂತೆ. ಪರೀಕ್ಷೆಗೆಂದು ಶೆಡ್ಡಿನ ನಡುವೆ ತಂತಿ ಜಾಳಿಗೆ ಕಟ್ಟಿಸಿ, ಒಂದು ಕಡೆಯ ಕೋಳಿಗಳಿಗೆ ಮಾತ್ರ ಔಷಧ ಕೊಡಲು ಆಯಿಗೆ ಹೇಳಿಹೋದರು.

ಆರನೇ ವಾರ ಬಂದು ತೂಗಿದರೆ ಎರಡೂ ಕಡೆ ಸಮಸಮ. ಡಾಕ್ಟರರ ಮುಖ ಅವರ ಔಷಧದಂತೆಯೇ ಹುಳ್ಳಗಾಯಿತು.

"ಎರಡೂ ಕಡಿ ಹಾಕೀನ್ರಿ," ಎಂದಳು ಆಯಿ. "ಆ ಕಡಿನವು ಜಾಳಗ್ಯಾಗಿಂದ ನೋಡ್ಲಾಕತ್ತಿದ್ವು. ಊಟದ ಪಂಗತ್ಯಾಗ ಭೇದ ಹ್ಯಾಂಗ್ ಮಾಡ್ಲಿ, ಸಾಹೇಬ್ರ?"

ಮಧ್ಯಾಹ್ನ ಡಾಕ್ಟರರಿಗೆ ನಮ್ಮ ಮನೆಯಲ್ಲಿ ಹೋಳಿಗೆ ಊಟ. "ಇಂಥವ್ರಿಗೆ ವಿಜ್ಞಾನ ತಿಳಿಯಂಗಿಲ್ರಿ," ಎನ್ನುತ್ತ ಅವರು ಎರಡನೇ ಸಲ ತುಪ್ಪ ಹಾಕಿಸಿಕೊಂಡರು. ನಾನೂ ತಲೆಯಾಡಿಸಿದೆ.

ಕೈ ತೊಳೆಯಲು ಹೊರಗೆ ಬಂದಾಗ ಆಯಿ ಕಟ್ಟೆಯ ಮೇಲೆ ಕೂತು ಒಣ ರೊಟ್ಟಿ ಮುರಿಯುತ್ತಿದ್ದಳು. ನಮ್ಮನ್ನು ಕಂಡವಳೇ ಎದ್ದು ನಿಂತು ಕೇಳಿದಳು:

"ಊಟ ಆತೇನ್ರಿ?"