ಅಕ್ಕನಿಗೆ ಮೊಬೈಲಿನಲ್ಲಿ ಹೋದ ಲಗ್ನಪತ್ರಿಕೆ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ವೆಲ್ಡಿಂಗ್ ಕಲಿತವನು ನಾನು. ಚಾಮರಾಜಪೇಟೆಯ ಎಷ್ಟೋ ಮನೆಗಳ ಗೇಟು, ಕಿಟಕಿ ಗ್ರಿಲ್ಲು ನನ್ನ ಕೈಕೆಲಸ. ಅದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಮೊಬೈಲಿನಲ್ಲಿ ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ಬೆವರಿಬಿಡುತ್ತೇನೆ. ಮಗಳು ಬಸ್ಸಿನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಬರೆಯುತ್ತಾಳೆ. ಅವಳ ಮದುವೆಗೆ ಛತ್ರ, ಅಡುಗೆಯವರು, ಹೂವಿನವರು ಎಲ್ಲ ಮೆಸೇಜಿನಲ್ಲೇ ಗೊತ್ತುಮಾಡಿದ್ದಾಯಿತು. ನಾನು ಒಂದು ದಿನವೂ ಶೆಡ್ಡಿಗೆ ಬೀಗ ಹಾಕಬೇಕಾಗಲಿಲ್ಲ. ಹಾಗಾಗಿ ಈಗಿನ ಹುಡುಗರ ಮೆಸೇಜನ್ನು ನಾನು ಬೈಯುವವನಲ್ಲ.

ಲಗ್ನಪತ್ರಿಕೆ ಅಚ್ಚಾಗಿ ಬಂದ ಸಂಜೆ ಅವಳಿಗೆ ಸಂತೋಷ ತಡೆಯಲಾಗಲಿಲ್ಲ. ಫೋಟೊ ತೆಗೆದು ನೆಂಟರ ಗ್ರೂಪಿಗೆ ಹಾಕಿಬಿಟ್ಟಳು. ನಮ್ಮಲ್ಲಿ ಮೊದಲ ಪತ್ರಿಕೆ ದೇವರ ಮುಂದೆ ಇಡಬೇಕು, ಎರಡನೆಯದನ್ನು ಅರಿಸಿನ ಕುಂಕುಮದ ಜೊತೆ ಸೋದರತ್ತೆಯ ಕೈಗೆ ಕೊಡಬೇಕು. ಆ ಅತ್ತೆ ಎಂದರೆ ಹನುಮಂತನಗರದಲ್ಲಿರುವ ನನ್ನ ಅಕ್ಕ. ನಾನೂ ಹೆಂಡತಿಯೂ ಕೆಲಸಕ್ಕೆ ಹೋದಾಗ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು. ಮದುವೆಯಲ್ಲಿ ಕಳಸ ಹಿಡಿಯಬೇಕಾದವಳೂ ಅವಳೇ.

ಮಾರನೆಯ ದಿನ ಅಕ್ಕನ ಫೋನು ಬಂತು.

"ಊರಿಗೆಲ್ಲ ಹಾಕಿದ ಹಾಗೆ ನನಗೂ ಹಾಕಿದೀರಲ್ಲ, ಊರೋರ ಥರಾನೇ ಬಂದು ಊಟ ಮಾಡ್ಕೊಂಡು ಹೋಗ್ತೀನಿ ಬಿಡೋ. ಕಳಸಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊ."

ಮಗಳ ಮುಖ ಸಣ್ಣದಾಯಿತು. "ಅಪ್ಪ, ಸಾರಿ ಅಂತ ಮೆಸೇಜ್ ಹಾಕ್ಲಾ?"

"ಅದೊಂದು ಬಾಕಿ ಇತ್ತು! ಸೀರೆ ಉಟ್ಕೊ, ನಡಿ."

ಹನುಮಂತನಗರದಲ್ಲಿ ಅಕ್ಕ ಬಾಗಿಲು ತೆರೆದಳು, ಬನ್ನಿ ಎನ್ನಲಿಲ್ಲ. ಮಗಳು ಪತ್ರಿಕೆ, ಅರಿಸಿನ ಕುಂಕುಮ ಇಟ್ಟ ತಟ್ಟೆ ಚಾಚಿದಳು.

"ಮೊಬೈಲಲ್ಲಿ ಉದ್ದುದ್ದ ಬರೀತೀಯಲ್ಲ, ಈಗ ಬಾಯಿಬಿಟ್ಟು ಕರಿ, ಕೇಳೋಣ," ಎಂದಳು ಅಕ್ಕ.

ಅಷ್ಟು ಚುರುಕಿನ ಹುಡುಗಿ, "ಅತ್ತೆ, ಮದುವೆಗೆ..." ಎಂದು ಎರಡು ಸಲ ತೊದಲಿದಳು. ಕೊನೆಗೆ, "ಅತ್ತೆ, ನೀನು ಕಳಸ ಹಿಡೀಲಿಲ್ಲ ಅಂದ್ರೆ ನಾನು ಹಸೆಮಣೆ ಮೇಲೆ ಕೂರಲ್ಲ," ಎಂದು ಅತ್ತೇಬಿಟ್ಟಳು.

"ಥೂ, ಬಿಡ್ತು ಅನ್ನು! ಮದುವೆ ಹುಡುಗಿ ಆಡೋ ಮಾತೇನೇ ಇದು?" ಬೈಯುತ್ತಲೇ ಅಕ್ಕ ತಟ್ಟೆ ತೆಗೆದುಕೊಂಡಳು, ಅವಳ ಹಣೆಗೆ ಕುಂಕುಮ ಇಟ್ಟಳು. "ನಮ್ಮ ಬಸವನಗುಡಿ ದೊಡ್ಡಮ್ಮಂಗೂ ಹೀಗೇ ಹಾಕಿದೀಯಾ?"

"ಹೂಂ."

ಅಕ್ಕ ನನ್ನ ಕಡೆ ತಿರುಗಿದಳು. "ನೀನೇನೋ ಮಾಡ್ತಿದ್ದೆ ಆವಾಗ?"

"ಗೇಟ್ ಮಾಡ್ತಿದ್ದೆ."

ಅವಳಿಗೆ ನಗು ಬಂತು, ತೋರಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟುಕೊಂಡು ಬಂದು ನಮ್ಮ ಜೊತೆಯೇ ಆಟೊ ಹತ್ತಿದಳು. ಬಸವನಗುಡಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮನ ಕೈಗೆ ಪತ್ರಿಕೆ ಇಟ್ಟು, "ನಮ್ಮ ಹುಡುಗಿ ಮದುವೆ, ನೀವೆಲ್ಲ ಮುಂದೆ ನಿಂತು ನಡೆಸಿಕೊಡ್ಬೇಕು," ಎಂದು ಕರೆದವಳು ಅಕ್ಕ.