ನೆಗೆಣ್ಣಿಗೆ ಹೇಳಿದ ಪಗಾರ

ನನ್ನ ನೆಗೆಣ್ಣಿ ರೇಣುಕಾ ಪೊಲೀಸ್ ಆಗದಂತೆ ತಡೆದವಳು ನಾನು. ಹುಕ್ಕೇರಿಯ ಒಂದೇ ಮನೆಗೆ ನಾವಿಬ್ಬರೂ ಸೊಸೆಯರು. ನಾನು ಹಿರಿಯಳು, ಅಲ್ಲಿಯ ಠಾಣೆಯಲ್ಲಿ ಕಾನ್‌ಸ್ಟೇಬಲ್. ಅವಳು ಆಗಷ್ಟೇ ಒಂದು ಸಕ್ಕರೆ ಕಾರ್ಖಾನೆ ಸೇರಿದ್ದಳು. ಕಬ್ಬಿನ ಹಾಲು ಪರೀಕ್ಷೆ ಮಾಡುವ ಕೆಲಸ.

ಒಂದು ದಿನ ರೊಟ್ಟಿ ಬಡಿಯುತ್ತಾ ಕೇಳಿದಳು, "ಅಕ್ಕಾರ, ಪೊಲೀಸ್ ಭರ್ತಿಗೆ ಅರ್ಜಿ ಹಾಕಬೇಕಂತ ಮಾಡೇನ್ರಿ. ಫ್ಯಾಕ್ಟರಿಗಿಂತ ಪಗಾರ ಹೆಚ್ಚು ಬರ್ತೈತೇನ್ರಿ?"

"ಎಲ್ಲೀ ಹೆಚ್ಚವಾ! ನನ್ನ ಕೈಗೆ ಬರೂದು ನಿನ್ನಷ್ಟೂ ಇಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ— ಮೋಸವಿದ್ದದ್ದೇ ಅಲ್ಲಿ. ಸಾಲದ ಕಂತು ಮುರಿದುಕೊಂಡು ಉಳಿಯುವುದನ್ನಷ್ಟೇ ನನ್ನ ಪಗಾರ ಎಂದೆ. ಅವಳದಕ್ಕೆ ಓವರ್‌ಟೈಮ್, ಬೋನಸ್ಸು ಎಲ್ಲ ಕೂಡಿಸಿದೆ. ಕಬ್ಬಿನ ಸೀಸನ್ ಮುಗಿದರೆ ಅವಳಿಗೆ ಅರ್ಧ ಪಗಾರವೆಂಬುದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಯಾಕೆ? ನನಗೆ ರಾತ್ರಿ ಡ್ಯೂಟಿ ಬಿದ್ದಾಗ ನನ್ನ ಮಗಳು ಅವಳ ಮಗ್ಗುಲಲ್ಲೇ ಮಲಗುತ್ತಿದ್ದಳು. ಅವಳೂ ಖಾಕಿ ತೊಟ್ಟರೆ ಮಗಳನ್ನು ನೋಡುವವರಾರು? ಕಾರಣ ಅಷ್ಟೇ ಎಂದರೆ ಮತ್ತೆ ಮೋಸವಾದೀತು. ಮನೆಗೆ ಬಂದವರು "ಪೊಲೀಸ್ ಬಾಯಾರು" ಎಂದು ಮರ್ಯಾದೆಯಿಂದ ಕರೆದು ನನಗೊಬ್ಬಳಿಗೇ ಕುರ್ಚಿ ಕೊಡುತ್ತಿದ್ದರು. ಅದು ನನಗೆ ಬೇಕಾಗಿತ್ತು.

ಅವಳು ಅರ್ಜಿ ಹಾಕಲಿಲ್ಲ. ಸೀಸನ್ ಮುಗಿಯಿತು, ಅರ್ಧ ಪಗಾರ ಹಿಡಿದು ಮನೆಯಲ್ಲಿ ಕೂತಳು. ನನ್ನನ್ನು ಏನೂ ಕೇಳಲಿಲ್ಲ.

ಮುಂದೆ ಎರಡು ವರ್ಷಕ್ಕೆ ಮತ್ತೆ ಭರ್ತಿ ಬಂತು— ಅವಳ ವಯಸ್ಸಿಗೆ ಅದೇ ಕೊನೆಯದು. ನನ್ನನ್ನು ಬೆಳಗಾವಿಯ ಮೈದಾನದಲ್ಲಿ ಬಂದೋಬಸ್ತಿಗೆ ಹಾಕಿದ್ದರು. ಓಟಕ್ಕೆ ನಿಂತ ಹೆಣ್ಣುಮಕ್ಕಳ ನಡುವೆ ನೋಡುತ್ತೇನೆ, ರೇಣುಕಾ! ನಾಗನೂರಿನ ತವರಿಗೆ ಹೋಗುತ್ತೇನೆಂದು ಮನೆ ಬಿಟ್ಟಿದ್ದಳು. ಲಿಖಿತ ಪರೀಕ್ಷೆ ಯಾವಾಗ ಬರೆದಳೋ— ನನಗೆ ಸುಳಿವೇ ಇರಲಿಲ್ಲ. ನನ್ನನ್ನು ಕಂಡಳು, ಮುಖ ತಿರುಗಿಸಿದಳು.

ಸೀಟಿ ಊದಿದರು. ಮೊದಲ ತಿರುವಿನಲ್ಲಿ ಹಿಂದೆ ಬಿದ್ದಳು. ಆಮೇಲೆ ಒಬ್ಬೊಬ್ಬರನ್ನೇ ದಾಟುತ್ತ, ಹಲ್ಲು ಕಚ್ಚಿ, ನನ್ನ ಮುಂದೆಯೇ ಹಾದುಹೋದಳು. ಡ್ಯೂಟಿಯಲ್ಲಿದ್ದೇನೆಂಬುದನ್ನೇ ಮರೆತು ಕೂಗಿದೆ, "ಓಡ ರೇಣುಕಾ, ಓಡ! ಬಿಡಬ್ಯಾಡ!" ಸಾಹೇಬರು ತಿರುಗಿ ನೋಡಿದರು. ನೋಡಲಿ! ಅವಳೇ ಮೊದಲು ಬಂದಳು.

ಆಯ್ಕೆಯಾದ ದಿನ ಮನೆತುಂಬ ಜನ. ಅತ್ತೆ ನನ್ನ ಬಾಯಿಗೆ ಕರದಂಟು ಇಟ್ಟು, "ಎಲ್ಲಾ ನಮ್ಮ ಹಿರೀಸೊಸಿ ದಾರಿ ತೋರಿಸಿದ್ದು" ಎಂದರು.

"ಇಲ್ರಿ ಅತ್ತಿ, ನಾ ದಾರಿ ತಪ್ಪಿಸಿದಾಕಿ."

ಎಲ್ಲರೆದುರು ಎಲ್ಲ ಹೇಳಿದೆ. ರೇಣುಕಾ ಅಂದಳು, "ಅರ್ಧ ಪಗಾರ ಕೈಗೆ ಬಂದಾಗನ ತಿಳೀತ್ರಿ ಅಕ್ಕಾರ. ಆ ಸಿಟ್ಟಿನ್ಯಾಗನ ಓಡೇನಿ."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಅವಳ ನೌಕರಿಯಿಂದ ಹೋದ ಆ ಎರಡು ವರ್ಷ ನಾನು ಕದ್ದದ್ದು— ಹೇಗೆ ತಿರುಗಿ ಕೊಡಲಿ?

ಈಗ ಅವಳು ಮೂಡಲಗಿ ಠಾಣೆಯಲ್ಲಿದ್ದಾಳೆ. ಮೊನ್ನೆ ಗೋಕಾಕದ ಬಂದೋಬಸ್ತಿಗೆ ಇಬ್ಬರನ್ನೂ ಹಾಕಿದ್ದರು. ನೂಕಿಕೊಂಡು ಬರುತ್ತಿದ್ದ ಜನರನ್ನು ಅವಳು ಒಂದೇ ದನಿಗೆ ನಿಲ್ಲಿಸಿದಳು. ನನ್ನ ಬಾಜೂ ನಿಂತಿದ್ದ ಹೊಸ ಹುಡುಗಿ ಬೆರಗಾಗಿ, "ಯಾರ್ರಿ ಅವರು?" ಎಂದಳು.

"ನನ್ನ ನೆಗೆಣ್ಣಿ," ಎಂದೆ, ಎದೆಯುಬ್ಬಿಸಿ. "ನಾ ತಡದ್ರೂ ನಿಲ್ಲಲಿಲ್ಲ ಆಕಿ."